ಹಳೆಯ ಮಾತ್ರೆಗೆ ಹೊಸ ಕೆಲಸ

ಶ್ರೋತೃಗಳಿಗೆ ನಮಸ್ಕಾರ. ನಿಮ್ಮಲ್ಲಿ ಕೆಲವರು ಒಲೆಯ ಮುಂದೆ ನಿಂತು, ಕೆಲವರು ಸಿಲ್ಕ್ ಬೋರ್ಡಿನ ವಾಹನ ದಟ್ಟಣೆಯಲ್ಲಿ ಸಿಲುಕಿ ಇದನ್ನು ಕೇಳುತ್ತಿರಬಹುದು. ಹಾಗಾಗಿ ಹೇಳಬೇಕಾದ ಒಂದೇ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿಜೀವಕಗಳಿಗೆ, ಅಂದರೆ ಆಂಟಿಬಯೋಟಿಕ್‌ಗಳಿಗೆ, ಬಗ್ಗದ ಬ್ಯಾಕ್ಟೀರಿಯಾಗಳನ್ನು ಎದುರಿಸುವ ಕೆಲವು ಅಸ್ತ್ರಗಳು ಬೇರೊಂದು ಕಾಯಿಲೆಯ ಹೆಸರು ಹೊತ್ತು ಈಗಾಗಲೇ ಔಷಧದ ಕಪಾಟಿನಲ್ಲಿ ಕುಳಿತಿವೆ.

ಹೊಸ ಔಷಧ ಯಾವಾಗ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಹೊಸದೊಂದು ಅಣು ಪ್ರಯೋಗಾಲಯದಿಂದ ರೋಗಿಯ ಹಾಸಿಗೆಗೆ ತಲುಪಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು; ವಾರವೊಂದರಲ್ಲಿ ಮುಗಿಯುವ ಚಿಕಿತ್ಸೆಯಿಂದ ಲಾಭ ಹುಟ್ಟುವುದಿಲ್ಲವೆಂದು ಹಲವು ದೊಡ್ಡ ಕಂಪನಿಗಳು ಈ ಕ್ಷೇತ್ರವನ್ನೇ ಬಿಟ್ಟು ನಡೆದಿವೆ. ಹಳೆಯ ಔಷಧದ ವಿಚಾರ ಹಾಗಲ್ಲ. ಅದು ಎಷ್ಟು ಕೊಟ್ಟರೆ ಹಿತ, ಎಷ್ಟಾದರೆ ಮೂತ್ರಪಿಂಡಕ್ಕೆ ಪೆಟ್ಟು ಎಂಬುದು ಗೊತ್ತಿರುವುದರಿಂದ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ನನಗೆ ಬಹಳ ಪ್ರಿಯವಾದ ಕಥೆ ಕ್ಲೋಫಜಿಮೈನ್ ಎಂಬ ಮದ್ದಿನದು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ವಿನ್ಸೆಂಟ್ ಬ್ಯಾರಿ ಮತ್ತು ಸಂಗಡಿಗರು ಕ್ಷಯಕ್ಕೆ ಮದ್ದು ಹುಡುಕುತ್ತಿದ್ದರು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯ ಒಂದು ಜೀವಿಯ ಸತ್ವದಿಂದ ಹೊರಟ ಆ ಹುಡುಕಾಟ ಕೊನೆಗೆ ಬಿ663 ಎಂಬ ಕೆಂಪು ಪದಾರ್ಥದಲ್ಲಿ, ಅಂದರೆ ಇಂದಿನ ಕ್ಲೋಫಜಿಮೈನ್‌ನಲ್ಲಿ, ಬಂದು ನಿಂತಿತು. 1957ರಲ್ಲಿ ಅದನ್ನು ಪ್ರಕಟಿಸಿದರು. ಇಲಿಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡಿತು, ಗಿನಿಯಿಲಿಗಳಲ್ಲಿ ಮಾಡಲಿಲ್ಲ, ಮಂಗಗಳಲ್ಲಿಯೂ ಮಾಡಲಿಲ್ಲ. ಅಲ್ಲಿಗೆ ಕ್ಷಯದ ಆಸೆ ಕೈಬಿಟ್ಟಂತಾಯಿತು. ಆದರೆ ಕ್ಷಯದ ರೋಗಾಣುವೂ ಕುಷ್ಠದ ರೋಗಾಣುವೂ ದಾಯಾದಿಗಳು. 1962ರ ಹೊತ್ತಿಗೆ ನೈಜೀರಿಯಾದ ವೈದ್ಯರು ಇದೇ ಪದಾರ್ಥವನ್ನು ಕುಷ್ಠರೋಗಿಗಳಿಗೆ ಕೊಟ್ಟು ನೋಡಿದರು, ಗುಣ ಕಂಡಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಕುಷ್ಠದ ಬಹುಔಷಧ ಚಿಕಿತ್ಸೆಯಲ್ಲಿ ಡ್ಯಾಪ್ಸೋನ್, ರಿಫಾಂಪಿಸಿನ್ ಜೊತೆಗೆ ಇದೂ ಸೇರಿತು. ಚರ್ಮವನ್ನು ಕೆಂಪಗೆ, ಕಂದಾಗಿ ತಿರುಗಿಸುವ ಇದರ ಗುಣವನ್ನು ಮಾತ್ರ ರೋಗಿಗಳು ಎಂದೂ ಮೆಚ್ಚಲಿಲ್ಲ.

ಇಷ್ಟರಲ್ಲಿ ಕ್ಷಯದ ರೋಗಾಣು ನಮ್ಮ ಮುಖ್ಯ ಔಷಧಗಳನ್ನೇ ಸೋಲಿಸಲು ಕಲಿತಿತ್ತು. ಆಗ ವೈದ್ಯರಿಗೆ ಕೆಂಪು ಮಾತ್ರೆಯ ನೆನಪಾಯಿತು. ಇಂದು ಔಷಧ ನಿರೋಧಕ ಕ್ಷಯದ ದೀರ್ಘ ಚಿಕಿತ್ಸೆಯಲ್ಲಿ ಕ್ಲೋಫಜಿಮೈನ್‌ಗೆ ಗೌರವದ ಸ್ಥಾನವಿದೆ. ಬೆಂಗಳೂರಿನ ಮಾತಿನಲ್ಲಿ ಹೇಳುವುದಾದರೆ, ಮಾಗಡಿ ರಸ್ತೆಯ ಕುಷ್ಠರೋಗ ಆಸ್ಪತ್ರೆಯ ಮದ್ದು ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರ ಕೈಗೆ ಬಂತು. ಹುಟ್ಟಿದ್ದೇ ಆ ಕೆಲಸಕ್ಕಾದರೂ ಸುತ್ತುಬಳಸಿ ಬರಬೇಕಾಯಿತು.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಂಧಿವಾತಕ್ಕೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಚಿನ್ನದ ಔಷಧ ಆರನೋಫಿನ್ ಪ್ರಯೋಗಾಲಯದಲ್ಲಿ, ಗಾಯಗಳಲ್ಲಿ ಕೀವು ತರುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಮಧುಮೇಹಕ್ಕೆಂದು ಪರಿಶೀಲಿಸಿ ಬದಿಗಿಟ್ಟಿದ್ದ ಒಂದು ಅಣುವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಣಕಯಂತ್ರದ ನೆರವಿನಿಂದ ಹೆಕ್ಕಿ, ಹ್ಯಾಲಿಸಿನ್ ಎಂದು ಹೆಸರಿಟ್ಟು, 2020ರಲ್ಲಿ ಪ್ರಕಟಿಸಿದರು; ತೀವ್ರ ನಿಗಾ ಘಟಕಗಳನ್ನು ಕಾಡುವ ಅಸಿನೆಟೋಬ್ಯಾಕ್ಟರ್ ಸೋಂಕನ್ನು ಅದು ಇಲಿಗಳಲ್ಲಿ ವಾಸಿ ಮಾಡಿತು. ಇವನ್ನು ಮನುಷ್ಯರಲ್ಲಿ ಪರೀಕ್ಷಿಸಲು ಹಣ ಯಾರು ಹಾಕಬೇಕು? ಪೇಟೆಂಟ್ ಮುಗಿದ ಮಾತ್ರೆಯ ಮೇಲೆ ಯಾವ ವ್ಯಾಪಾರಿಯೂ ಕಾಸು ಬಿಚ್ಚುವುದಿಲ್ಲ. ಅರ್ಧ ದಾರಿ ಸವೆದಿದ್ದರೂ ಉಳಿದರ್ಧ ನಡೆಸುವವರಿಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿ. ಈ ಹಣ ಸರ್ಕಾರವೇ ಕೊಡಬೇಕಾದದ್ದು.

ಗಾಜಿನ ಆಚೆಯಿಂದ ಸಮಯವಾಯಿತೆಂಬ ಸನ್ನೆ ಬರುತ್ತಿದೆ. ಕೊಲಿಸ್ಟಿನ್ ಎಂಬ ಇನ್ನೊಂದು ಹಳಬನ ಬಗ್ಗೆಯೂ ಹೇಳುವುದಿತ್ತು: ಮೂತ್ರಪಿಂಡಕ್ಕೆ ಹಾನಿಯೆಂದು ಮೂಲೆಗೆ ಸೇರಿದ್ದ ಅದನ್ನು ಬೇರೆ ಯಾವುದೂ ನಾಟದ ರೋಗಿಗಳಿಗಾಗಿ ಮರಳಿ ಕರೆದು ತಂದೆವು, ಆ ವೇಳೆಗೆ ಅದನ್ನೇ ಕೋಳಿಗಳ ಮೇವಿಗೂ ಬೆರೆಸುತ್ತಿದ್ದರು, ಹಾಗೆ ಬೆರೆಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರಲ್ಲಿ. ಅದರ ಪೂರ್ಣ ಕಥೆ ಇನ್ನೊಮ್ಮೆ. ನಮಸ್ಕಾರ.