ಕೆಡುಕು ಕಂಡಾಗ ಕೈ, ನಾಲಿಗೆ, ಹೃದಯ

ಕೇಳುಗರೆಲ್ಲರಿಗೂ ಸಲಾಂ, ನಮಸ್ಕಾರ.

"ನಿಮ್ಮಲ್ಲಿ ಯಾರಾದರೂ ಕೆಡುಕನ್ನು ಕಂಡರೆ ಅದನ್ನು ಕೈಯಿಂದ ಬದಲಾಯಿಸಲಿ. ಆಗದಿದ್ದರೆ ನಾಲಿಗೆಯಿಂದ. ಅದೂ ಆಗದಿದ್ದರೆ ಹೃದಯದಿಂದ. ಅದು ಈಮಾನಿನ (ವಿಶ್ವಾಸದ) ಅತ್ಯಂತ ದುರ್ಬಲ ಸ್ಥಿತಿ."

ಪ್ರವಾದಿವರ್ಯರ ಈ ಮಾತನ್ನು ನಮ್ಮೂರ ಮತಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಪ್ರವಾದಿವರ್ಯರ ಒಡನಾಡಿ (ಸಹಾಬಿ) ಅಬೂ ಸಈದ್ ಅಲ್-ಖುದ್ರಿಯವರು ಇದನ್ನು ಯಾವಾಗ ನೆನಪಿಸಿದರು ಎಂಬುದು ಮಾತ್ರ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಪ್ರವಾದಿವಚನಗಳ (ಹದೀಸ್) ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿ ಆ ಸಂದರ್ಭವೂ ಇದೆ. ಈದ್ ದಿನ ನಮಾಝ್ ಮೊದಲು, ಖುತುಬಾ (ಪ್ರವಚನ) ಆಮೇಲೆ. ಮದೀನಾದ ರಾಜ್ಯಪಾಲರಾಗಿದ್ದ ಮರ್ವಾನ್ ಅದನ್ನು ತಿರುಗಿಸಿ ಖುತುಬಾವನ್ನೇ ಮೊದಲು ಆರಂಭಿಸಿದರು. ಒಬ್ಬರು ಎದ್ದು ನಿಂತು, "ಖುತುಬಾಕ್ಕಿಂತ ಮೊದಲು ನಮಾಝ್" ಎಂದರು. ಮರ್ವಾನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಅಬೂ ಸಈದ್ ಹೇಳಿದರು: "ಈ ಮನುಷ್ಯ ತನ್ನ ಮೇಲಿದ್ದ ಹೊಣೆಯನ್ನು ತೀರಿಸಿದ್ದಾನೆ." ಹೇಳಿ, ಈ ಹದೀಸನ್ನು ನೆನಪಿಸಿದರು. ಎದ್ದು ನಿಂತವರು ಮಿಂಬರಿನಿಂದ (ಪ್ರವಚನ ಪೀಠದಿಂದ) ಯಾರನ್ನೂ ಎಳೆದು ಇಳಿಸಲಿಲ್ಲ. ಆಡಿದ್ದು ಒಂದೇ ಮಾತು, ಅಷ್ಟಕ್ಕೇ ಹೊಣೆ ತೀರಿತು.

ಈ ಹೊಣೆಗೆ ಅರಬಿಯಲ್ಲಿ 'ನಹ್ಯುನ್ ಅನಿಲ್ ಮುನ್ಕರ್', ಕೆಡುಕನ್ನು ತಡೆಯುವುದು ಎನ್ನುತ್ತಾರೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ ಉಲೂಮಿದ್ದೀನ್'ನಲ್ಲಿ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟರು. ತಡೆಯಲು ಹೊರಟವನ ಮೇಲೆ ಅವರು ಹಾಕುವ ಷರತ್ತುಗಳು ಬಿಗಿಯಾದವು. ಕಂಡದ್ದು ನಿಜಕ್ಕೂ ಕೆಡುಕಾಗಿರಬೇಕು. ಅದು ಈಗ ನಡೆಯುತ್ತಿರಬೇಕು, ನಿನ್ನೆ ಮುಗಿದದ್ದಲ್ಲ. ಗೂಢಚಾರಿಕೆ ಮಾಡದೆ ತಾನಾಗಿ ಕಣ್ಣಿಗೆ ಬಿದ್ದಿರಬೇಕು. ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯ ಇರುವ ವಿಷಯ ಆಗಿರಬಾರದು.

ಕೊನೆಯದು ಅರ್ಥವಾಗಲು ಮಂಗಳೂರಿನ ಅಡುಗೆಮನೆ ಸಾಕು. ಇಲ್ಲಿಯ ಬ್ಯಾರಿಗಳು ಹೆಚ್ಚಾಗಿ ಶಾಫಿಈ ಮದ್ಹಬಿನವರು (ಮದ್ಹಬ್ ಎಂದರೆ ಇಸ್ಲಾಮಿ ಕಾನೂನಿನ ಪಂಥ), ಅವರಿಗೆ ಬೊಂಡಾಸ್ (ಸ್ಕ್ವಿಡ್) ಹಲಾಲ್. ಉರ್ದು ಮಾತಾಡುವ ಮನೆಗಳು ಹೆಚ್ಚಾಗಿ ಹನಫಿ, ಅಲ್ಲಿ ಬೊಂಡಾಸ್ ತಿನ್ನುವಂತಿಲ್ಲ. ಹನಫಿ ಗೆಳೆಯ ಶಾಫಿಈ ಮನೆಯ ಬೊಂಡಾಸ್ ಸುಕ್ಕವನ್ನು ಬೇಡ ಎನ್ನಬಹುದು. ಅದನ್ನು ಹರಾಮೆಂದು ಹೇಳಿ ಬಟ್ಟಲನ್ನು ಪಕ್ಕಕ್ಕೆ ಸರಿಸುವ ಹಕ್ಕು ಅವನಿಗಿಲ್ಲ.

ಗೂಢಚಾರಿಕೆಯ ವಿಷಯಕ್ಕೆ ಖಲೀಫ ಉಮರ್ ಅವರ ಘಟನೆಯನ್ನು ಗಝಾಲಿ ಉದ್ಧರಿಸುತ್ತಾರೆ. ಉಮರ್ ಗೋಡೆ ಹತ್ತಿ ಒಂದು ಮನೆಯೊಳಗೆ ಇಳಿದರು, ಮನೆಯವನ ತಪ್ಪು ಕಣ್ಣಾರೆ ಕಂಡಿತು. ಅವನು ಹೇಳಿದ: "ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು. ಇಣುಕಿ ನೋಡಬೇಡಿ ಎಂದು ಕುರ್‌ಆನ್ ಹೇಳಿದೆ, ನೋಡಿದಿರಿ. ಬಾಗಿಲಿನಿಂದ ಬನ್ನಿ ಎಂದಿದೆ, ಗೋಡೆ ಹತ್ತಿದಿರಿ. ಅನುಮತಿ ಕೇಳಿ ಸಲಾಂ ಹೇಳಿ ಎಂದಿದೆ, ಹೇಳಲಿಲ್ಲ." ಉಮರ್ ಅವನನ್ನು ಬಿಟ್ಟರು. ಇನ್ನೊಬ್ಬರ ಮೊಬೈಲ್ ತೆರೆದು ನೋಡುವುದು, ಜೊತೆಯಲ್ಲಿ ಕೂತ ಇಬ್ಬರ ವಿಡಿಯೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು ಈ ಗೋಡೆ ಹತ್ತಿದ್ದಕ್ಕಿಂತ ಬೇರೆಯಲ್ಲ.

ಇನ್ನು ಕ್ರಮ. ಮೀನು ಮಾರ್ಕೆಟಿನ ಒಂದು ತಕ್ಕಡಿಯನ್ನು ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಬಂಗುಡೆ. ಬುಟ್ಟಿ 200 ಗ್ರಾಂ ಇದ್ದು, ಅದರ ತೂಕ ಕಳೆಯದಿದ್ದರೆ ಒಂದು ಕಿಲೋ ಎಂದು ಕೊಂಡವನಿಗೆ ಸಿಗುವುದು 800 ಗ್ರಾಂ. ಗಝಾಲಿಯವರ ಪ್ರಕಾರ ಮೊದಲ ಮೆಟ್ಟಿಲು ತಿಳಿದುಕೊಳ್ಳುವುದು: ಖಾಲಿ ಬುಟ್ಟಿ ಇಟ್ಟಾಗ ತಕ್ಕಡಿ ಸೊನ್ನೆ ತೋರಿಸಿತೇ? ಎರಡನೆಯದು ತಿಳಿಸುವುದು: "ಅಣ್ಣಾ, ಬುಟ್ಟಿಯ ತೂಕ ಕಳೆದಿಲ್ಲ ಅಂತ ಕಾಣ್ತದೆ, ಒಮ್ಮೆ ನೋಡಿ." ಹೆಚ್ಚಿನವು ಇಲ್ಲೇ ಮುಗಿಯುತ್ತವೆ, ಏಕೆಂದರೆ ಅರ್ಧ ತಪ್ಪು ಮರೆವಿನದ್ದು. ಬೇಕೆಂದೇ ಮಾಡುತ್ತಿದ್ದರೆ ಮೂರನೆಯದು ಉಪದೇಶ. ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆಯೇ ಕುರ್‌ಆನಿನಲ್ಲಿ 83ನೇ ಅಧ್ಯಾಯ ಆರಂಭವಾಗುತ್ತದೆ. ಇದನ್ನು ಗಿರಾಕಿಗಳು ಹೋದ ಮೇಲೆ ಹೇಳಬೇಕು. ನಾಲ್ಕು ಜನರ ಎದುರು ಹೇಳಿದರೆ ಅವನು ತಕ್ಕಡಿಯನ್ನು ಮರೆತು ಮಾನ ಉಳಿಸಿಕೊಳ್ಳಲು ಜಗಳಕ್ಕೆ ನಿಲ್ಲುತ್ತಾನೆ. ಕಟುಮಾತು ಇದೆಲ್ಲ ಆದ ಮೇಲಿನದು, ಕೈ ಅದಕ್ಕೂ ಆಚೆಯದು.

ಆ ಕೈ ಯಾರದು ಎಂಬಲ್ಲೇ ಹೆಚ್ಚಿನವರು ಎಡವುವುದು. ತಕ್ಕಡಿಯನ್ನು ಜಪ್ತಿ ಮಾಡುವ ಕೈ ಕಾನೂನು ಮಾಪನಶಾಸ್ತ್ರ ಇಲಾಖೆಯದ್ದು, ಗಿರಾಕಿಯದ್ದು ದೂರು ಕೊಡುವ ಕೈ ಮಾತ್ರ. 1058ರಲ್ಲಿ ತೀರಿಕೊಂಡ ಶಾಫಿಈ ವಿದ್ವಾಂಸ ಮಾವರ್ದಿಯವರೇ ಕೆಡುಕು ತಡೆಯಲು ಆಡಳಿತ ನೇಮಿಸಿದ ಅಧಿಕಾರಿ (ಮುಹ್ತಸಿಬ್) ಬೇರೆ, ತಾನಾಗಿ ಮುಂದೆ ಬರುವವನು ಬೇರೆ ಎಂದು ಗೆರೆ ಎಳೆದಿದ್ದಾರೆ. ನಮ್ಮ ಕೈ ನಮ್ಮ ಅಧಿಕಾರ ಇರುವಷ್ಟು ದೂರ: ನಮ್ಮ ಅಂಗಡಿಯ ತಕ್ಕಡಿ, ನಮ್ಮ ಮನೆಯ ಲೆಕ್ಕ. ಬಸ್ಸಿನಲ್ಲಿ, ಬೀಚಿನಲ್ಲಿ ಯಾರದೋ ಮಕ್ಕಳನ್ನು ತಡೆದು ನಿಲ್ಲಿಸಿ ಹೆಸರು ಕೇಳುವ ಗುಂಪಿಗೆ ಈ ಹದೀಸಿನಲ್ಲಿ ಆಸರೆಯಿಲ್ಲ. ಕರಾವಳಿ ಇದನ್ನು ಬೇಕಾದಷ್ಟು ಕಂಡಿದೆ, ಆದ್ದರಿಂದ ನೇರವಾಗಿಯೇ ಹೇಳಬೇಕು.

ತಂದೆ ತಾಯಿ ತಪ್ಪಿದರೆ? ಮಗನಿಗಿರುವ ಮಾತು ತಿಳಿಸುವುದು ಮತ್ತು ಮೃದುವಾಗಿ ಬೇಡಿಕೊಳ್ಳುವುದು. ಕಟುಮಾತಿಗೆ, ಬೆದರಿಕೆಗೆ ಅವನಿಗೆ ದಾರಿಯಿಲ್ಲ.

ತಡೆಯುವ ಹೊತ್ತು ಕೂಡ ಲೆಕ್ಕಕ್ಕೆ ಬರುತ್ತದೆ. ಮರುಭೂಮಿಯ ಒಬ್ಬ ಅರಬ ಮದೀನಾದ ಮಸೀದಿಯೊಳಗೇ ಮೂತ್ರಕ್ಕೆ ಕೂತ. ಸಹಾಬಿಗಳು ಎದ್ದರು. "ಬಿಡಿ, ಮಧ್ಯದಲ್ಲಿ ತಡೆಯಬೇಡಿ" ಎಂದರು ಪ್ರವಾದಿವರ್ಯರು. ಮುಗಿದ ಮೇಲೆ ಆ ಜಾಗಕ್ಕೆ ಒಂದು ಬಕೆಟ್ ನೀರು ಹುಯ್ಯಿಸಿದರು. ಅವನನ್ನು ಕರೆದು, ಮಸೀದಿ ಇರುವುದು ಅಲ್ಲಾಹನ ಸ್ಮರಣೆಗೆ, ನಮಾಝಿಗೆ, ಕುರ್‌ಆನ್ ಓದಿಗೆ ಎಂದು ತಿಳಿಸಿದರು. ಅವನನ್ನು ನಡುವೆ ಎಬ್ಬಿಸಿದ್ದರೆ ಅವನ ದೇಹಕ್ಕೆ ತೊಂದರೆ, ಒಂದೇ ಕಡೆ ಇದ್ದ ಹೊಲಸು ಬಟ್ಟೆಗೂ ಇಡೀ ನೆಲಕ್ಕೂ ಹರಡುತ್ತಿತ್ತು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ತಡೆದರೆ ಕೆಡುಕು ದೊಡ್ಡದಾಗುತ್ತದೆ ಎಂದಾದರೆ ಕಾಯಬೇಕು.

ಆದರೆ ಕಾಯುವುದೇ ಅಭ್ಯಾಸವಾಗಬಾರದು. ವರದಕ್ಷಿಣೆಯನ್ನು ನೋಡಿ. ಇಸ್ಲಾಮಿನಲ್ಲಿ ಮಹರ್ (ವಿವಾಹಧನ) ಕೊಡಬೇಕಾದವನು ವರ, ಪಡೆಯುವವಳು ವಧು. ದೇಶದ ಕಾನೂನಿನಲ್ಲೂ 1961ರಿಂದ ವರದಕ್ಷಿಣೆ ಅಪರಾಧ. ನಿಕಾಹ್ (ಮದುವೆ) ರಿಜಿಸ್ಟರ್ ಇರುವುದು ಮಸೀದಿಯ ಜಮಾಅತ್ ಕಮಿಟಿಯ ಕೈಯಲ್ಲಿ, ನಿಕಾಹ್ ನಡೆಸಿಕೊಡುವವರು ಖುತುಬಾ ಹೇಳುವ ಖತೀಬರು. ಚಿನ್ನದ ಪವನಿನ ಚೌಕಾಸಿ ನಡೆದದ್ದು ಊರಿಗೆಲ್ಲ ಗೊತ್ತಿದ್ದೂ, "ಮನಸ್ಸಿನಲ್ಲಿ ವಿರೋಧ ಇತ್ತು" ಎಂದು ಅವರು ಹೇಳಿದರೆ ಸಾಲದು. ಕೈ ಮತ್ತು ನಾಲಿಗೆ ಇದ್ದವರಿಗೆ ಹೃದಯದ ರಿಯಾಯಿತಿ ಇಲ್ಲ.

ಆ ರಿಯಾಯಿತಿ ಇರುವುದು ಆ ಮದುವೆಗೆ ಕರೆಸಿಕೊಂಡ, ಮಾತು ನಡೆಯದ ದೂರದ ಸಂಬಂಧಿಗೆ. ಅವರೂ ಚೌಕಾಸಿಯ ಚಾವಡಿಯಲ್ಲಿ ಕೂತು ತಲೆಯಾಡಿಸುವಂತಿಲ್ಲ, ಎದ್ದು ಹೋಗಬೇಕು. ಹಾಗೆಂದು ಆ ಮನೆಯ ನಂಟು ಕಡಿಯಬೇಕಿಲ್ಲ. ಅಲ್ಲಾಹನ ವಚನಗಳನ್ನು ಗೇಲಿ ಮಾಡುವವರ ಜೊತೆ ಕೂರಬೇಡಿ ಎನ್ನುವಾಗಲೂ ಕುರ್‌ಆನ್ ಅದಕ್ಕೊಂದು ಗಡುವು ಕೊಟ್ಟಿದೆ, 4ನೇ ಅಧ್ಯಾಯದ 140ನೇ ವಚನದಲ್ಲಿ: ಅವರು ಬೇರೆ ಮಾತಿಗೆ ತೊಡಗುವ ತನಕ.