ಕೆಂಪು ಗುಂಡಿಯೊಂದೇ ಸಾಕಿತ್ತು

ವೀಕ್ಷಕರೆಲ್ಲರಿಗೂ ನಮಸ್ಕಾರ. ಹಿಂದಿನ ಸಂಚಿಕೆಯನ್ನು ನೋಡಿದ ಮಹನೀಯರೊಬ್ಬರು, ಜೇಬಿನಲ್ಲಿ ಹಿಡಿಯುವ ವಿಡಿಯೋ ಕ್ಯಾಮೆರಾಗಳೆಲ್ಲ ಬರೀ ಆಟಿಕೆಗಳೆಂದೂ ಅವುಗಳ ಮಾತನ್ನೆತ್ತಿ ನಾನು ಅವರ ಸಮಯವನ್ನು ಹಾಳುಮಾಡಿದೆನೆಂದೂ ಬರೆದಿದ್ದಾರೆ. ಅವರ ಸಮಯವನ್ನು ಇನ್ನಷ್ಟು ಹಾಳುಮಾಡುವುದಕ್ಕೆಂದೇ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇನೆ.

ವಿಡಿಯೋವನ್ನು ಸಾಮಾನ್ಯರ ಕೈಗೆ ತಂದುಕೊಟ್ಟದ್ದು, ಒತ್ತಿದೊಡನೆ ಚಿತ್ರೀಕರಣ ಶುರುವಾಗುವ ಒಂದು ಕೆಂಪು ಗುಂಡಿ ಎಂಬುದೇ ನನ್ನ ವಾದ. ಅದಕ್ಕೂ ಮುಂಚೆ ಮಿನಿ ಡಿವಿ ಎಂಬ ಪುಟ್ಟ ಟೇಪಿನ ಕ್ಯಾಮ್‌ಕಾರ್ಡರ್‌ಗಳಿದ್ದವು. ಒಂದು ಗಂಟೆ ಚಿತ್ರೀಕರಿಸಿದವರು ಅದನ್ನು ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಎಂಬ ಜೋಡಣೆ ತಂತಿ ಹುಡುಕಿ, ಟೇಪು ಪೂರ್ತಿ ಓಡುವವರೆಗೆ ಮತ್ತೊಂದು ಗಂಟೆ ಕಾಯಬೇಕಿತ್ತು. ಕಾಯುವವರಾರು? ಟೇಪುಗಳು ಕಪಾಟು ಸೇರಿದವು. 2007ರಲ್ಲಿ ಪ್ಯೂರ್ ಡಿಜಿಟಲ್ ಕಂಪನಿಯ ಫ್ಲಿಪ್ ಅಲ್ಟ್ರಾ ಎಂಬ ಜೇಬು ಕ್ಯಾಮೆರಾ ಬಂದಾಗ ಅದರಲ್ಲಿದ್ದದ್ದು ಎರಡು ಎಎ ಸೆಲ್, ಒಂದು ಗಂಟೆಯ ವಿಡಿಯೋಗೆ ಸಾಲುವ 2 ಜಿಬಿ ಮೆಮೊರಿ, ಪಕ್ಕದಿಂದ ಚಿಮ್ಮಿ ಹೊರಬರುವ ಯುಎಸ್‌ಬಿ ಕೊಂಡಿ ಮತ್ತು ಹಿಂಬದಿಯ ನಟ್ಟನಡುವೆ ಆ ಕೆಂಪು ಗುಂಡಿ. ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್ ಕೂಡ ಕ್ಯಾಮೆರಾದ ಹೊಟ್ಟೆಯಲ್ಲೇ ಇತ್ತು.

ಚಿತ್ರದ ಗುಣಮಟ್ಟ ಕಳಪೆ ಎನ್ನುವವರಿದ್ದಾರೆ. ಆ ಕಾಲದ ಯೂಟ್ಯೂಬ್ ತೋರಿಸುತ್ತಿದ್ದುದೇ 320x240 ಚುಕ್ಕಿಗಳ (ಪಿಕ್ಸೆಲ್) ಚಿತ್ರ. ಈ 'ಆಟಿಕೆ' ಸೆರೆಹಿಡಿಯುತ್ತಿದ್ದದ್ದು 640x480. ನೋಡುವ ಕಿಟಕಿಗಿಂತ ಕ್ಯಾಮೆರಾವೇ ದೊಡ್ಡದಿರುವಾಗ ಇನ್ನೇನು ಬೇಕಿತ್ತು? ಮಸೂರದಿಂದಲೇ ದೂರದ್ದನ್ನು ಹತ್ತಿರ ತರುವ ಆಪ್ಟಿಕಲ್ ಜೂಮ್ ಇರಲಿಲ್ಲವೆಂದು ಕೊರಗುವವರಿಗೆ ದೇವರು ಎರಡು ಕಾಲುಗಳನ್ನು ಕೊಟ್ಟಿದ್ದಾನೆ, ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲಲಿ. ಚಿತ್ರ ಅಲುಗಾಡುತ್ತಿತ್ತೆಂಬ ದೂರನ್ನು ಒಪ್ಪಿಕೊಂಡು, ಕೂಡಲೇ ಮರೆತುಬಿಡುತ್ತೇನೆ.

ಮೆನುವಿನೊಳಗೆ ಮೆನು, ಅದರೊಳಗೆ ಮರಿಮೆನು ಇರುವ ಭಾರಿ ಕ್ಯಾಮೆರಾವೊಂದು ನನ್ನಲ್ಲೂ ಇದೆ. ವೈಟ್ ಬ್ಯಾಲೆನ್ಸ್ ಎಂಬ ಬಣ್ಣಗಳ ಹದವನ್ನು ಸರಿಪಡಿಸುವಷ್ಟರಲ್ಲಿ ಮಗು ದೀಪ ಆರಿಸಿ ಕೇಕನ್ನೂ ತಿಂದು ಮುಗಿಸಿರುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಕೆಂಪು ಗುಂಡಿ! ಅಂದಹಾಗೆ, ಈ ವಿಡಿಯೋದ ಕೆಳಗೂ ಚಂದಾದಾರರಾಗುವ ಗುಂಡಿಯೊಂದಿದೆ. ಅದನ್ನು ಒತ್ತಲು ಯಾವ ಮೆನುವನ್ನೂ ದಾಟಬೇಕಾಗಿಲ್ಲ.

"ಹಾಗಿದ್ದರೆ ಫ್ಲಿಪ್ ಏಕೆ ಸತ್ತಿತು?" ಎಂಬ ಬ್ರಹ್ಮಾಸ್ತ್ರವನ್ನು ಆ ಮಹನೀಯರು ಕೊನೆಗೆ ಪ್ರಯೋಗಿಸಿದ್ದಾರೆ. ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೊ 2009ರಲ್ಲಿ ಸುಮಾರು 59 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಪ್ಯೂರ್ ಡಿಜಿಟಲ್ ಕಂಪನಿಯನ್ನು ಕೊಂಡು, 2011ರ ಏಪ್ರಿಲ್‌ನಲ್ಲಿ ಫ್ಲಿಪ್ ವ್ಯವಹಾರವನ್ನೇ ಮುಚ್ಚಿತೆಂಬುದು ನಿಜ. ಸಿಸ್ಕೊ ಕೊಂಡ ವರ್ಷವೇ ಬಂದ ಐಫೋನ್ 3ಜಿಎಸ್ ವಿಡಿಯೋ ತೆಗೆಯುತ್ತಿತ್ತೆಂಬುದೂ ನಿಜ. ಕೊಡಾಕ್ ತನ್ನ ಜ಼ಡ್‌ಐ8 ಎಂಬ ಜೇಬು ಕ್ಯಾಮೆರಾಕ್ಕೆ ಹೆಚ್ಚು ಸ್ಪಷ್ಟವಾದ 1080ಪಿ ಚಿತ್ರ, ಹೊರಗಿನ ಮೈಕಿಗೆ ಕಿಂಡಿ ಎಲ್ಲವನ್ನೂ ಕೊಟ್ಟಿತು, ಅದೂ ಉಳಿಯಲಿಲ್ಲ. ಆದರೆ ಸತ್ತದ್ದು ಡಬ್ಬಿ ಸ್ವಾಮಿ, ಗುಂಡಿ ಸಾಯಲಿಲ್ಲ! ಫೋನು ಕದ್ದದ್ದೇ ಅದನ್ನು!

ಇದಕ್ಕೆ ಇನ್ನೂ ಕಾರಣಗಳನ್ನು ಬರೆದುಕೊಂಡಿದ್ದೆ, ಹಾಳೆ ಎಲ್ಲೋ ಕಾಣೆಯಾಗಿದೆ; ಅದರಿಂದ ನನ್ನ ಅಭಿಪ್ರಾಯವೇನೂ ಸಡಿಲವಾಗಿಲ್ಲ. ಆ ಮಹನೀಯರು ಈಗಲೇ ತಮ್ಮ ಫೋನಿನ ಕ್ಯಾಮೆರಾವನ್ನು ತೆರೆದು, ವಿಡಿಯೋ ಆರಿಸಿ, ಒತ್ತಬೇಕಾದ ಗುಂಡಿಯ ಬಣ್ಣ ಯಾವುದೆಂದು ನೋಡಿ ಬರೆದು ತಿಳಿಸಲಿ. ನಾನು ಕಾಯುತ್ತಿರುತ್ತೇನೆ.