ಟೊರೆಂಟ್‌ಗೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು?

ಕೇಳುಗರಿಗೆಲ್ಲ ನಮಸ್ಕಾರ. ಹತ್ತಿರ ಒಂದು ಪೆನ್ನು, ಕಾಗದ ಇಟ್ಟುಕೊಳ್ಳಿ. ಕೊನೆಯಲ್ಲಿ ಒಂದು ವಿಳಾಸ ಹೇಳುತ್ತೇನೆ, ಬರೆದುಕೊಳ್ಳಬೇಕು.

ಟೊರೆಂಟ್ ಅಂದರೆ ಕದ್ದ ಸಿನಿಮಾ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ದೊಡ್ಡ ಫೈಲನ್ನು ಇಂಟರ್ನೆಟ್ಟಿನಲ್ಲಿ ತರಿಸಿಕೊಳ್ಳಲು ಅದೊಂದು ವಿಧಾನ. 2001ರಲ್ಲಿ ಅಮೆರಿಕದ ಬ್ರಾಮ್ ಕೋಹೆನ್ ಇದನ್ನು ರೂಪಿಸಿದರು. ಈ ವಿಧಾನದಲ್ಲಿ ಫೈಲ್ ತರಿಸಿಕೊಳ್ಳಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಬೇಕು. ಯಾವುದು ಬೇಕು ಅನ್ನುವುದೇ ಇವತ್ತಿನ ಮಾತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತು ಇಲ್ಲದ್ದನ್ನು ಹಾಕಿಕೊಳ್ಳಿ. ಅದನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ವೇಗ ಎಷ್ಟು, ಬಣ್ಣ ಹೇಗಿದೆ, ಗೆಳೆಯ ಏನು ಹಾಕಿಕೊಂಡಿದ್ದಾನೆ, ಇದೆಲ್ಲ ಆಮೇಲೆ.

ಇದು ಕೆಲಸ ಮಾಡುವ ರೀತಿ ನಮ್ಮ ಹಳ್ಳಿಯವರಿಗೆ ಬೇಗ ಅರ್ಥವಾಗುತ್ತದೆ. ಮುಯ್ಯಾಳು ಗೊತ್ತಲ್ವಾ? ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬರುತ್ತೀರಿ. ಟೊರೆಂಟೂ ಹಾಗೇ. ಒಂದು ಫೈಲನ್ನು ನೂರಾರು, ಸಾವಿರಾರು ಚೂರು ಮಾಡಿರುತ್ತಾರೆ. ಒಂದು ಚೂರು ಮೈಸೂರಿನವರಿಂದ ಬರುತ್ತದೆ, ಇನ್ನೊಂದು ಜರ್ಮನಿಯವರಿಂದ. ನಿಮಗೆ ಬಂದ ಚೂರನ್ನು ನೀವು ಬೇರೆಯವರಿಗೆ ಕೊಡುತ್ತಾ ಇರುತ್ತೀರಿ. ಪ್ರತಿ ಚೂರಿಗೂ ಬೆರಳಚ್ಚಿನಂಥ ಒಂದು ಗುರುತು ಇರುತ್ತದೆ. ಗುರುತು ತಾಳೆಯಾಗದ ಚೂರನ್ನು ಸಾಫ್ಟ್‌ವೇರ್ ಎಸೆದು ಮತ್ತೆ ತರಿಸುತ್ತದೆ.

ಇದರ ಬೆಲೆ ನನಗೆ ಚೆನ್ನಾಗಿ ಗೊತ್ತಾಗಿದ್ದು ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿ ಅಲ್ಲಿ ಟೀಚರ್. ಶಾಲೆಗೆ ಯಾರೋ ಐದು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೋ, ದುಡ್ಡು ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ ಅಂತ ನಾನೇ ಹೇಳಿದ್ದೆ. ಆ ಫೈಲ್ ಹೆಚ್ಚುಕಡಿಮೆ 3 ಜಿಬಿ. ಆಗ ಆಷಾಢದ ಮಳೆ. ಕರೆಂಟು ಇದೆ ಅನ್ನುವಷ್ಟರಲ್ಲಿ ಹೋಗುತ್ತಿತ್ತು. ರಾತ್ರಿ ಬ್ರೌಸರಿನಲ್ಲಿ ಡೌನ್‌ಲೋಡ್‌ಗೆ ಹಾಕಿ ಮಲಗುತ್ತಿದ್ದಳು. ಬೆಳಿಗ್ಗೆ ನೋಡಿದರೆ ಮುಕ್ಕಾಲು ಬಂದು ನಿಂತಿರುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಹೀಗೆ ಮೂರು ರಾತ್ರಿ.

ನಾಲ್ಕನೆಯ ದಿನ ಫೋನ್ ಬಂತು. "ಸಾರ್, ನನ್ನ ಕೈಲಿ ಆಗಲ್ಲ." ನಾನು, "ಟೊರೆಂಟಿನಲ್ಲಿ ಇಳಿಸಿಕೊಳ್ಳಮ್ಮ, ಅರ್ಧಕ್ಕೆ ನಿಂತರೂ ನಿಂತಲ್ಲಿಂದ ಮುಂದುವರಿಯುತ್ತದೆ" ಅಂದೆ. ಯಾವ ಸಾಫ್ಟ್‌ವೇರ್ ಅಂತ ಹೇಳಲಿಲ್ಲ. ಆವತ್ತು ಹೇಳದೇ ಇದ್ದದ್ದನ್ನೇ ಇವತ್ತು ಪದೇ ಪದೇ ಹೇಳುತ್ತಿದ್ದೇನೆ.

ಅವಳು ಹುಡುಕಿದಳು. ಮೊದಲು ಕಂಡದ್ದನ್ನು ಒತ್ತಿದಳು. "ಮುಂದೆ, ಮುಂದೆ" ಅಂತ ಒತ್ತುತ್ತಾ ಹೋದಳು. ಟೊರೆಂಟ್ ಸಾಫ್ಟ್‌ವೇರಿನ ಜೊತೆಗೆ ಇನ್ನೂ ಮೂರು ಏನೇನೋ ಬಂದು ಕೂತವು. ಬ್ರೌಸರ್ ತೆರೆದರೆ ಗುರುತಿಲ್ಲದ ಪುಟ. ಮೂಲೆಮೂಲೆಯಲ್ಲಿ ಜಾಹೀರಾತು, ಅದೂ ಮಕ್ಕಳ ಎದುರು ತೋರಿಸುವಂಥದ್ದಲ್ಲ. ಅವಳ ಲ್ಯಾಪ್‌ಟಾಪಿನ ಫ್ಯಾನು ಸುಮ್ಮನೇ ಇರುವಾಗಲೂ ಬುಸುಗುಡುತ್ತಿತ್ತು. ಶನಿವಾರ ಬಸ್ಸು ಹತ್ತಿ ಹೋದೆ. ಅದನ್ನೆಲ್ಲ ಕಿತ್ತು ಹಾಕುವುದರಲ್ಲೇ ಮಧ್ಯಾಹ್ನವಾಯಿತು. ಆಮೇಲೆ ಕ್ಯೂಬಿಟ್‌ಟೊರೆಂಟ್ ಅನ್ನುವ ಜಾಹೀರಾತಿಲ್ಲದ ಟೊರೆಂಟ್ ಸಾಫ್ಟ್‌ವೇರ್ ಹಾಕಿದೆ. ಅದಕ್ಕೆ ಹಿಡಿದದ್ದು ಐದು ನಿಮಿಷ.

ಸಂಜೆ ಶುರು ಮಾಡಿದೆವು. ಒಂದು ಗಂಟೆಯೊಳಗೆ ಕರೆಂಟು ಹೋಯಿತು, ಇಂಟರ್ನೆಟ್ಟೂ ಹೋಯಿತು, ಲ್ಯಾಪ್‌ಟಾಪೂ ಆರಿತು. ಅವಳ ಮುಖ ಸಪ್ಪಗಾಯಿತು. ರಾತ್ರಿ ಒಂಬತ್ತಕ್ಕೆ ಕರೆಂಟು ಬಂದಾಗ ತೆರೆದು ನೋಡಿದರೆ ಶೇಕಡ 41 ಹಾಗೇ ಇತ್ತು. ನಲವತ್ತೆರಡು, ನಲವತ್ತಮೂರು ಅಂತ ಮುಂದೆ ಹೊರಟಿತು! ಬೆಳಿಗ್ಗೆ ತಿಂಡಿ ಹೊತ್ತಿಗೆ ಫೈಲ್ ಪೂರ್ತಿ ಬಂದಿತ್ತು. ಸೋಮವಾರ ಮಕ್ಕಳು ಆ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ತಮ್ಮ ಹೆಸರು ಟೈಪ್ ಮಾಡಿದರು.

ಅದಕ್ಕೇ ಹೇಳುತ್ತಿರುವುದು. ಜಾಹೀರಾತು ಇಲ್ಲದ್ದು, ಅದರ ಸ್ವಂತ ತಾಣದಿಂದ.

ಈ ಕ್ಯೂಬಿಟ್‌ಟೊರೆಂಟನ್ನು 2006ರಲ್ಲಿ ಕ್ರಿಸ್ಟೋಫ್ ಡ್ಯುಮೆಜ್ ಎನ್ನುವವರು ಶುರು ಮಾಡಿದರು. ಈಗ ಸ್ವಯಂಸೇವಕರು ನಡೆಸುತ್ತಾರೆ. ಅದರ ಕೋಡ್, ಅಂದರೆ ಸಾಫ್ಟ್‌ವೇರನ್ನು ಬರೆದಿರುವ ಸಾಲುಗಳು, ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಓದಿ ನೋಡಬಹುದು. ಕಳ್ಳ ಕೆಲಸ ಸೇರಿಸಿದರೆ ಬಚ್ಚಿಡುವುದು ಕಷ್ಟ. ನಾನು ಇದನ್ನು ನಂಬುವುದು ಅದಕ್ಕೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಇನ್ನೂ ಸರಳವಾದದ್ದು ಬೇಕು ಅನ್ನುವವರಿಗೆ ಟ್ರಾನ್ಸ್‌ಮಿಷನ್ ಇದೆ, ಅದೂ ಮುಕ್ತ, ಅದರಲ್ಲೂ ಜಾಹೀರಾತಿಲ್ಲ. "ಯೂಟೊರೆಂಟ್ ಆಗಲ್ವಾ ಸಾರ್?" ಅಂತ ಎಲ್ಲರೂ ಕೇಳುತ್ತಾರೆ. 2005ರಲ್ಲಿ ಅದು ಬಂದಾಗ ಪುಟ್ಟದಾಗಿ, ಹಗುರವಾಗಿ ಚೆನ್ನಾಗಿತ್ತು. ಈಗ ಅದರ ಉಚಿತ ಆವೃತ್ತಿಯಲ್ಲಿ ಜಾಹೀರಾತು ಇರುತ್ತದೆ. ಹಾಗಾಗಿ ಬೇಡ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಮೊಬೈಲ್ ಡೇಟಾದಲ್ಲಿ ಮಾಡುವವರು ಅಪ್‌ಲೋಡ್‌ಗೆ, ಅಂದರೆ ಬೇರೆಯವರಿಗೆ ಚೂರು ಕೊಡುವುದಕ್ಕೆ, ಮಿತಿ ಹಾಕಿಕೊಳ್ಳಿ, ಇಲ್ಲದಿದ್ದರೆ ದಿನದ ಡೇಟಾ ಖಾಲಿ. ಬ್ರಾಡ್‌ಬ್ಯಾಂಡ್ ಇರುವವರು ಫೈಲ್ ಬಂದ ಮೇಲೂ ಸ್ವಲ್ಪ ಹೊತ್ತು ಹಾಗೇ ಬಿಡಿ, ಮುಯ್ಯಿ ತೀರಿಸಬೇಕಲ್ಲ. ಹಕ್ಕು ಬೇರೆಯವರದ್ದಾಗಿರುವ ಸಿನಿಮಾ, ಹಾಡು ಬೇಡ. ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಗ್ರಂಥಾಲಯದಂಥ ತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳ ದೊಡ್ಡ ರಾಶಿಯೇ ಇದೆ. 2012ರಿಂದ ಅಲ್ಲಿ ಟೊರೆಂಟ್ ಕೂಡ ಕೊಡುತ್ತಿದ್ದಾರೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಪುಸ್ತಕಗಳಿಂದ ಶುರು ಮಾಡಿ.

ಈಗ ಕ್ಯೂಬಿಟ್‌ಟೊರೆಂಟಿನ ಸ್ವಂತ ತಾಣದ ವಿಳಾಸ. ನಿಧಾನವಾಗಿ ಹೇಳುತ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಕ್ಯೂ, ಬಿ, ಐ, ಟಿ. ಮತ್ತೆ ಟಿ, ಓ, ಆರ್, ಆರ್, ಇ, ಎನ್, ಟಿ. ನಡುವೆ ಜಾಗ ಬಿಡಬೇಡಿ. ಕೊನೆಗೆ ಡಾಟ್ ಆರ್ಗ್. ಕಾಮ್ ಅಲ್ಲ, ಆರ್ಗ್. ಓ, ಆರ್, ಜಿ. ನಮಸ್ಕಾರ.